ಗೋಡೆಯ ಮೇಲಿನ ಪಾಠ ಮತ್ತು ಗುಂಡಿ ಒತ್ತುವ ಮಾಸ್ತರರು



ಕಳೆದ ಭಾನುವಾರ 1994-95ನೇ ಸಾಲಿನಲ್ಲಿ ಹತ್ತನೆಯ ತರಗತಿ ಮುಗಿಸಿದ ಮೂವರು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. ಒಬ್ಬನ ತಲೆ ನನ್ನದಕ್ಕಿಂತ ಹೆಚ್ಚು ಬೆಳ್ಳಗಾಗಿತ್ತು. ಮೂವರೂ ನೆಲದ ಮೇಲೆಯೇ ಕುಳಿತುಕೊಂಡರು, ಕುರ್ಚಿ ಕೊಟ್ಟರೂ ಒಪ್ಪಲಿಲ್ಲ. ಅವರ ತಂಡದವರೆಲ್ಲ ಸೇರಿ ಆರು ಲಕ್ಷ ರೂಪಾಯಿ ಕೂಡಿಸಿದ್ದಾರೆ. ನಮ್ಮ ಶಾಲೆಯ ಮೂರು ಕೊಠಡಿಗಳ ಗೋಡೆಗೆ ದೊಡ್ಡ ಪರದೆಗಳನ್ನು ಕೂಡಿಸಿ, ಎಲ್ಲ ವಿಷಯಗಳ ಎಲ್ಲ ಪಾಠಗಳ ವಿಡಿಯೋ ತುಂಬಿ, ‘ಸ್ಮಾರ್ಟ್ ಕ್ಲಾಸ್’ ಮಾಡಿಕೊಡಬೇಕೆಂಬುದು ಅವರ ಸಂಕಲ್ಪ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಲು ನಾನು ಬರಬೇಕಂತೆ.

ಕೇಳಿ ಕಣ್ಣು ತುಂಬಿ ಬಂದುದು ನಿಜ. ದುಡಿಮೆಯ ಹಣವನ್ನು ತಾವು ಓದಿದ ಶಾಲೆಗೆ ಕೊಡುವ ಮನಸ್ಸು ಎಲ್ಲರಿಗೂ ಬರುವುದಿಲ್ಲ. ಆದರೂ ‘ಎಂಟು ದಿನ ತಡೆಯಿರಿ, ಉತ್ತರ ಬರೆದು ತಿಳಿಸುತ್ತೇನೆ’ ಎಂದು ಹೇಳಿ ಕಳುಹಿಸಿದೆ. ಅದೇ ಉತ್ತರ ಇದು. ರಿಬ್ಬನ್ ಕತ್ತರಿಸಲು ನಾನು ಬರಲಾರೆ. ಕಾರಣ ಹೇಳದೆ ನಿರಾಕರಿಸುವುದು ಮಾಸ್ತರನಿಗೆ ಶೋಭಿಸುವುದಿಲ್ಲವಾದ್ದರಿಂದ, ಮತ್ತು ಇಂತಹ ಸಂಕಲ್ಪವನ್ನು ನಿಮ್ಮಲ್ಲಿ ಇನ್ನೂ ಹಲವರು ಮಾಡುವವರಿದ್ದೀರಿ ಎಂಬುದನ್ನು ಬಲ್ಲೆನಾದ್ದರಿಂದ, ನಾಲ್ಕು ಜನರ ಎದುರಿಗೇ ಹೇಳುತ್ತಿದ್ದೇನೆ.

ಮೊದಲಿಗೆ ಒಂದು ಅಪವಾದವನ್ನು ತೊಡೆದುಹಾಕಬೇಕು. ‘ಮುದುಕರಿಗೆ ಹೊಸದು ಸೇರುವುದಿಲ್ಲ’ ಎಂದು ನೀವು ನಗಬಹುದು. ತರಗತಿಯ ಪರದೆ ಹೊಸದಲ್ಲ, ನನ್ನ ಪಾಲಿಗಂತೂ ಅಲ್ಲವೇ ಅಲ್ಲ. ನಾನು ಹದಿನೈದು ವರ್ಷದ ಹುಡುಗನಾಗಿದ್ದಾಗ, 1975ರ ಆಗಸ್ಟ್ 1ರಂದು, ‘ಸೈಟ್’ ಎಂಬ ಹೆಸರಿನ ಉಪಗ್ರಹ ದೂರದರ್ಶನ ಪ್ರಯೋಗ ಆರಂಭವಾಯಿತು. ಉಪಗ್ರಹ ಅಮೆರಿಕದ ನಾಸಾ ಸಂಸ್ಥೆಯದು, ಎಟಿಎಸ್-6 ಎಂದು ಅದರ ಹೆಸರು. ನೆಲದ ಮೇಲಿನ ವ್ಯವಸ್ಥೆ ನಮ್ಮ ಇಸ್ರೋದ್ದು. ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೀವಿ ಪೆಟ್ಟಿಗೆಗಳು ಬಂದವು. ಕರ್ನಾಟಕದಲ್ಲಿ ಆ ಭಾಗ್ಯ ಅಂದಿನ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳದಾಗಿತ್ತು. ಹಲವು ಪಟ್ಟಣಗಳೇ ಇನ್ನೂ ಟೀವಿ ಕಂಡಿರದ ಕಾಲದಲ್ಲಿ ನಮ್ಮ ಸೋದರಮಾವನ ಊರಿನ ಶಾಲೆಯ ಮುಂದೆ ಕೋಳಿಗೂಡಿನ ಜಾಲರಿಯಂತಹ ತಂತಿಬಲೆಯ ದೊಡ್ಡ ಬೋಗುಣಿ ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ರಜೆಯಲ್ಲಿ ಹೋದಾಗಲೆಲ್ಲ ನಾನೂ ಚಿಕ್ಕ ಮಕ್ಕಳ ಹಿಂದೆ ಗೋಡೆಗೊರಗಿ ನಿಂತು ನೋಡುತ್ತಿದ್ದೆ.

ಪರದೆಯ ಮೇಲೆ ಕಂಡದ್ದು ಹೆಚ್ಚುಕಡಿಮೆ ಎಲ್ಲವೂ ಮರೆತುಹೋಗಿದೆ. ಮರೆಯದಿರುವುದು ಅಲ್ಲಿಯ ಮಾಸ್ತರರು. ಕಾರ್ಯಕ್ರಮ ಮುಗಿದೊಡನೆ ಅವರು ಪೆಟ್ಟಿಗೆಯ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತು, ‘ಈಗ ನೋಡಿದ್ದು ಖರೇ ಐತೋ ಸುಳ್ಳೋ, ನಡೀರಿ ನೋಡೋಣ’ ಎಂದು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕಾಳು ನೆನೆಹಾಕಿಸುತ್ತಿದ್ದರು, ಸೂಜಿಯನ್ನು ನೀರಿನ ಮೇಲೆ ತೇಲಿಸಲು ಹೇಳುತ್ತಿದ್ದರು, ಕೋಲು ನೆಟ್ಟು ನೆರಳು ಅಳೆಸುತ್ತಿದ್ದರು. 1976ರ ಜುಲೈ 31ರಂದು ಪ್ರಯೋಗದ ಅವಧಿ ಮುಗಿಯಿತು, ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಕರೆಸಿಕೊಂಡರು. ಆ ಊರಿನ ಪೆಟ್ಟಿಗೆ ಮೂಕವಾಯಿತು. ಮಾಸ್ತರರು ಮೂಕರಾಗಲಿಲ್ಲ. ನಾನು ಈ ವೃತ್ತಿಗೆ ಬರಲು ಪೆಟ್ಟಿಗೆ ಕಾರಣವೋ ಮಾಸ್ತರರು ಕಾರಣವೋ ಎಂದು ಕೇಳಿದರೆ ನಾನು ಕ್ಷಣವೂ ಯೋಚಿಸಬೇಕಾಗಿಲ್ಲ.

ಪರದೆಯನ್ನು ನಂಬಿ ಮಾಸ್ತರನನ್ನು ಮರೆಯುವ ಚಪಲಕ್ಕೆ ನೂರು ವರ್ಷ ದಾಟಿದೆ. ಚಲನಚಿತ್ರ ಯಂತ್ರದ ಜನಕರಲ್ಲೊಬ್ಬರಾದ ಥಾಮಸ್ ಎಡಿಸನ್ 1913ರಲ್ಲಿಯೇ, ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪಿಹೋಗುತ್ತವೆ, ಚಲಿಸುವ ಚಿತ್ರಗಳೇ ಎಲ್ಲವನ್ನೂ ಕಲಿಸುತ್ತವೆ ಎಂಬ ಅರ್ಥದ ಮಾತನ್ನಾಡಿದ್ದರು. ಆಮೇಲೆ ರೇಡಿಯೋ ಬಂತು, ಟೀವಿ ಬಂತು. ನಮ್ಮಲ್ಲಿ 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ದೇಶವ್ಯಾಪಿ ತರಗತಿ ದೂರದರ್ಶನದಲ್ಲಿ ಆರಂಭವಾಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಹಾರಿತು, ನಮ್ಮ ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳ ಸೂರಿನ ಮೇಲೆ ಬೋಗುಣಿಗಳು ಕುಳಿತವು. 2010ರಲ್ಲಿ ಆ ಉಪಗ್ರಹದ ಆಯುಷ್ಯವೂ ಮುಗಿಯಿತು. ಇವೆಲ್ಲ ವ್ಯರ್ಥವೆಂದು ನಾನು ಹೇಳಲಾರೆ, ಸದುದ್ದೇಶದಿಂದ ದುಡಿದವರನ್ನು ಹೀಗಳೆಯಲಾರೆ. ಆದರೆ ಪ್ರತಿಸಲವೂ ಯಂತ್ರಕ್ಕೆ ಮೊದಲ ಮಣೆ ಹಾಕಿದೆವು, ಆ ಯಂತ್ರದ ಪಕ್ಕದಲ್ಲಿ ನಿಲ್ಲುವವನಿಗೆ ಕೊನೆಯ ಮಣೆ. ಆನೆ ಕೊಂಡವರು ಮಾವುತನ ಸಂಬಳಕ್ಕೆ ಕಾಸಿಲ್ಲವೆಂದಂತಾಯಿತು.

ಈಗ ನನ್ನದೇ ತರಗತಿಯ ಒಂದು ಕಥೆ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ.

1971ರ ಆಗಸ್ಟ್‌ನಲ್ಲಿ ಅಪೊಲೊ-15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಹಕ್ಕಿಯ ಗರಿ ಹಿಡಿದು, ಎರಡನ್ನೂ ಒಟ್ಟಿಗೆ ಕೈಬಿಟ್ಟರು. ಆ ದೃಶ್ಯ ಒಂದು ನಿಮಿಷದಷ್ಟೂ ಇಲ್ಲ. 2009ರಲ್ಲಿ ನಮ್ಮ ಅಳಿಯಂದಿರ ಲ್ಯಾಪ್‌ಟಾಪ್ ಎರವಲು ತಂದು ಒಂಬತ್ತನೆಯ ತರಗತಿಯ ‘ಎ’ ವಿಭಾಗದಲ್ಲಿ ಅದನ್ನು ತೋರಿಸಿದೆ. ಸ್ಕಾಟ್ ಎರಡೂ ಕೈಗಳನ್ನು ಎತ್ತಿ ಹಿಡಿದ ಕ್ಷಣದಲ್ಲಿ ನಿಲ್ಲಿಸಿ, ‘ಯಾವುದು ಮೊದಲು ನೆಲ ಮುಟ್ಟುತ್ತದೆ? ಕಾರಣಸಹಿತ ನೋಟುಬುಕ್ಕಿನಲ್ಲಿ ಬರೆಯಿರಿ. ಬರೆಯುವವರೆಗೆ ಮುಂದಿನದನ್ನು ತೋರಿಸುವುದಿಲ್ಲ’ ಎಂದೆ. ಹಲವರು ಸುತ್ತಿಗೆ ಎಂದು ಬರೆದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಎರಡೂ ಬೀಳಂಗಿಲ್ರೀ. ಚಂದ್ರನ ಮ್ಯಾಲೆ ಎಲ್ಲಾ ತೇಲತಾವ್ರೀ’ ಎಂದಳು. ಅರ್ಧ ತರಗತಿ ಅವಳ ಪಕ್ಷಕ್ಕೆ ಹಾರಿತು. ಅಷ್ಟು ವರ್ಷ ಗುರುತ್ವಾಕರ್ಷಣೆ ಕಲಿಸಿದ್ದ ನನಗೆ, ಗಾಳಿ ಇಲ್ಲದಿರುವುದು ಮತ್ತು ಗುರುತ್ವ ಇಲ್ಲದಿರುವುದು ಈ ಮಕ್ಕಳ ತಲೆಯಲ್ಲಿ ಒಂದೇ ಆಗಿದೆ ಎಂಬುದು ಅಂದೇ ತಿಳಿದದ್ದು! ಇಪ್ಪತ್ತು ನಿಮಿಷ ಜಗಳ ನಡೆಯಿತು. ಆಮೇಲೆ ಗುಂಡಿ ಒತ್ತಿದೆ. ಒಂದೂವರೆ ಸೆಕೆಂಡಿನೊಳಗೆ ಸುತ್ತಿಗೆಯೂ ಗರಿಯೂ ಜೊತೆಯಾಗಿ ನೆಲಕ್ಕೆ ಬಿದ್ದವು. ತರಗತಿ ಸ್ತಬ್ಧವಾಯಿತು. ಆ ಹುಡುಗಿಯೇ ಮತ್ತೆ ಕೇಳಿದಳು: ‘ಬಿದ್ದವು ಖರೇ ಸರ್, ಆದರ ಅಷ್ಟು ನಿಧಾನ ಯಾಕ ಬಿದ್ದವು?’ ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಪಾಲು ಎಂಬ ಮಾತನ್ನು ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಪುಸ್ತಕ ತೆರೆದು ಅವರೇ ಹುಡುಕಿ ಹೇಳಿದರು.

ಮರುದಿನ ‘ಬಿ’ ವಿಭಾಗ. ಪಠ್ಯ ಹಿಂದೆ ಬಿದ್ದಿತ್ತು, ಪರೀಕ್ಷೆ ಸಮೀಪಿಸಿತ್ತು. ನಿಲ್ಲಿಸದೆ, ಕೇಳದೆ ತೋರಿಸಿಬಿಟ್ಟೆ. ವಿವರಣೆಯನ್ನೂ ಸೊಗಸಾಗಿಯೇ ಕೊಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು, ‘ಇನ್ನೊಂದ್ಸಲ ಹಾಕ್ರೀ ಸರ್’ ಎಂದರು. ನಾನು ಬೀಗಿದೆ. ಎರಡು ತಿಂಗಳ ಬಳಿಕ ಕಿರುಪರೀಕ್ಷೆಯಲ್ಲಿ ಅದೇ ಪ್ರಶ್ನೆಯನ್ನು ತುಸು ತಿರುಗಿಸಿ ಕೇಳಿದಾಗ ‘ಬಿ’ ವಿಭಾಗದ ಬಹುಪಾಲು ಮಕ್ಕಳು ಭಾರವಾದದ್ದೇ ಮೊದಲು ಬೀಳುತ್ತದೆ ಎಂದು ಬರೆದಿದ್ದರು. ಕಣ್ಣಾರೆ ಕಂಡಿದ್ದರು, ಚಪ್ಪಾಳೆ ತಟ್ಟಿದ್ದರು, ಆದರೂ ತಲೆಯೊಳಗಿನ ಹಳೆಯ ನಂಬಿಕೆ ಒಂದಿಂಚೂ ಕದಲಿರಲಿಲ್ಲ. ಅದೇ ವಿಡಿಯೋ, ಅದೇ ಮಾಸ್ತರ, ಅದೇ ಲ್ಯಾಪ್‌ಟಾಪ್. ಇಲ್ಲದೇ ಇದ್ದುದು ಒಂದೇ, ಮೊದಲು ಕೇಳಬೇಕಾಗಿದ್ದ ಆ ಪ್ರಶ್ನೆ.

ಇದು ನನ್ನೊಬ್ಬನ ಅನುಭವವೇ ಎಂದು ಸಂಶಯವಿತ್ತು. ನಿವೃತ್ತಿಯ ನಂತರ ಓದುತ್ತ ಕುಳಿತಾಗ ಉತ್ತರ ಸಿಕ್ಕಿತು. ಇಂದು ವಿಜ್ಞಾನದ ವಿಡಿಯೋಗಳಿಂದಲೇ ಲೋಕಪ್ರಸಿದ್ಧರಾಗಿರುವ ಡೆರೆಕ್ ಮುಲ್ಲರ್ ಎಂಬುವವರು 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಮೇಲೆ ಪಿಎಚ್.ಡಿ. ಮಾಡಿದ್ದಾರೆ. ಭೌತಶಾಸ್ತ್ರದ ವಿಷಯವನ್ನು ನೇರವಾಗಿ, ಸ್ಪಷ್ಟವಾಗಿ ವಿವರಿಸುವ ವಿಡಿಯೋ ನೋಡಿದ ವಿದ್ಯಾರ್ಥಿಗಳು ‘ಬಹಳ ಚೆನ್ನಾಗಿ ಅರ್ಥವಾಯಿತು’ ಎಂದರು, ಆದರೆ ಪರೀಕ್ಷೆಯಲ್ಲಿ ಅವರ ಅಂಕ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು. ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿರುವ ತಪ್ಪು ನಂಬಿಕೆಗಳನ್ನು ಮೊದಲು ಹೊರಗೆಳೆದು, ಅವುಗಳೊಡನೆ ವಾದಕ್ಕಿಳಿಯುವ ವಿಡಿಯೋ ನೋಡಿದವರು ‘ಗೊಂದಲವಾಯಿತು’ ಎಂದು ದೂರಿದರು, ಆದರೆ ಹೆಚ್ಚು ಕಲಿತವರು ಅವರೇ. ವಿಡಿಯೋ ತಯಾರಿಸುವವರೇ ಕಂಡುಕೊಂಡ ಸತ್ಯ ಇದು! ತಿಳಿಯಿತೆಂಬ ಸುಖ ಬೇರೆ, ತಿಳಿಯುವುದು ಬೇರೆ. ನೀವು ಆರು ಲಕ್ಷ ಕೊಟ್ಟು ಕೊಳ್ಳಹೊರಟಿರುವುದು ಮೊದಲನೆಯದನ್ನು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಗೋಡೆಯ ಪರದೆಗಳನ್ನೂ ಕಂಡಿದ್ದೇನೆ. ಪಾಠಕ್ಕೊಂದು ವಿಡಿಯೋ, ಸಿಹಿಯಾದ ಹಿನ್ನೆಲೆ ಸಂಗೀತ, ನಮ್ಮ ಮಕ್ಕಳ ಕಿವಿಗೆ ಅಪರಿಚಿತವಾದ ಶೈಲಿಯ ಧ್ವನಿ. ತಪಾಸಣೆಗೆ ಬಂದ ಅಧಿಕಾರಿಗಳು ಮಕ್ಕಳನ್ನು ಪ್ರಶ್ನೆ ಕೇಳುವುದನ್ನು ಬಿಟ್ಟು, ‘ಪರದೆ ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆ?’ ಎಂದು ಕೇಳಿ ಬರೆದುಕೊಂಡರು. ಇಪ್ಪತ್ತೈದು ವರ್ಷ ಅನುಭವವಿದ್ದ ಸಹೋದ್ಯೋಗಿಯೊಬ್ಬರು, ಗುಂಡಿ ಒತ್ತಿ ಕಿಟಕಿಯ ಬಳಿ ಕುಳಿತು ಹಾಜರಿ ಪುಸ್ತಕ ತುಂಬುತ್ತಿದ್ದರು. ಅವರನ್ನು ಸೋಮಾರಿಯೆಂದು ನಾನು ಬೈಯಲಾರೆ. ತನ್ನ ಮಾತಿಗೆ ಬೆಲೆಯಿಲ್ಲವೆಂದು ಮೇಲಿನವರೇ ಹೇಳಿದ ಮೇಲೆ ಮನುಷ್ಯ ಮಾತನಾಡುವುದನ್ನು ಬಿಡುತ್ತಾನೆ.

ಒಂದು ದಿನ ನೋಡಿದೆ, ಪರದೆಯ ಮೇಲೆ ಮೆಗ್ನೀಸಿಯಂ ರಿಬ್ಬನ್ ಉರಿಯುತ್ತಿತ್ತು. ಹತ್ತನೆಯ ತರಗತಿಯ ರಸಾಯನಶಾಸ್ತ್ರದ ಮೊದಲ ಚಟುವಟಿಕೆ ಅದು. ಕಣ್ಣು ಕೋರೈಸುವ ಬಿಳಿ ಬೆಳಕೆಂದು ಧ್ವನಿ ವರ್ಣಿಸುತ್ತಿತ್ತು. ಯಾರ ಕಣ್ಣೂ ಕೋರೈಸಲಿಲ್ಲ. ಪರದೆಯ ಬಿಳುಪು ಪರದೆಯ ಬಿಳುಪೇ. ಅಂಗಿಯ ಬಿಳುಪಿಗೂ ಉರಿಯುವ ಲೋಹದ ಬಿಳುಪಿಗೂ ಅಲ್ಲಿ ವ್ಯತ್ಯಾಸವಿಲ್ಲ. ಅದೇ ಕೊಠಡಿಯ ಪಕ್ಕದ ಬೀರುವಿನಲ್ಲಿ ಮೆಗ್ನೀಸಿಯಂ ರಿಬ್ಬನ್ನಿನ ಸುರುಳಿ ಮಂಕು ಹಿಡಿದು ಬಿದ್ದಿತ್ತು. ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ನಿಮಗೆ ನೆನಪಿದೆಯೆ? ನಿಮ್ಮ ತರಗತಿಯಲ್ಲಿ ಒಬ್ಬೊಬ್ಬರೂ ಒಂದು ತುಂಡನ್ನು ಮರಳುಕಾಗದದಿಂದ ಉಜ್ಜಿ ಹೊಳಪು ಮಾಡಿದ್ದಿರಿ. ಉರಿಯುವಾಗ ನೇರವಾಗಿ ನೋಡಬೇಡಿರೆಂದು ಎಷ್ಟು ಗದರಿದರೂ ಬೆರಳ ಸಂದಿನಲ್ಲಿ ಕದ್ದು ನೋಡಿದ್ದಿರಿ. ಉಳಿದ ಬಿಳಿ ಬೂದಿಯನ್ನು ಮುಟ್ಟಿ, ‘ಇದು ಅದೇ ಲೋಹವೇನ್ರೀ?’ ಎಂದು ಕೇಳಿದ್ದಿರಿ. ಆ ಪ್ರಶ್ನೆಯೇ ರಸಾಯನಶಾಸ್ತ್ರ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಹೊಲಕ್ಕೆ ಮಾತ್ರ ಹೇಳಿದ ಗಾದೆಯಲ್ಲ.

ಭಾನುವಾರ ನೀವು ಹೇಳಿದ ಮಾತುಗಳಿಗೂ ಉತ್ತರ ಕೊಡಬೇಕು. ‘ಸರ್, ಈಗಿನ ಹುಡುಗರಿಗೆ ಟೀವಿ ತೋರಿಸಲಿಲ್ಲಂದ್ರ ತಲಿಗೆ ಹೋಗಂಗಿಲ್ರೀ’ ಎಂದಿರಿ. ಮನೆಯಲ್ಲಿ ದಿನವಿಡೀ ಪರದೆ ನೋಡುವ ಮಗುವಿಗೆ ಶಾಲೆಯಲ್ಲೂ ಅದನ್ನೇ ಬಡಿಸುವುದು ಯಾವ ನ್ಯಾಯ? ಮಿಠಾಯಿ ತಿಂದು ಹಸಿವು ಕಳೆದುಕೊಂಡ ಮಗುವಿಗೆ ಊಟಕ್ಕೂ ಮಿಠಾಯಿಯನ್ನೇ ಇಟ್ಟಂತೆ. ‘ಒಳ್ಳೆಯ ಮಾಸ್ತರರಿಲ್ಲದ ಕಡೆ ಒಳ್ಳೆಯ ವಿಡಿಯೋ ಇರಲಿ’ ಎಂದಿರಿ. ಈ ಮಾತಿನಲ್ಲಿ ತೂಕವಿದೆ, ಅಲ್ಲಗಳೆಯಲಾರೆ. ವಿಜ್ಞಾನದ ಹುದ್ದೆ ಖಾಲಿ ಬಿದ್ದಿರುವ ಶಾಲೆಯಲ್ಲಿ ಏನೂ ಇಲ್ಲದಿರುವುದಕ್ಕಿಂತ ವಿಡಿಯೋ ಮೇಲು. ಆದರೆ ಪರದೆ ಬಂದ ಮೇಲೆ ‘ಹೇಗೂ ಪಾಠ ನಡೆಯುತ್ತಿದೆಯಲ್ಲ’ ಎಂದು ಆ ಹುದ್ದೆ ಖಾಲಿಯಾಗಿಯೇ ಉಳಿಯುವುದಿಲ್ಲವೆಂದು ನನಗೆ ಯಾರು ಭರವಸೆ ಕೊಡುತ್ತೀರಿ?

ನನ್ನ ನಿವೃತ್ತಿ 2020ರ ಮೇ ತಿಂಗಳ ಕೊನೆಗೆ. ಕೋವಿಡ್ ಕಾಲ, ಶಾಲೆಗೆ ಬೀಗ ಬಿದ್ದಿತ್ತು, ಬೀಳ್ಕೊಡುಗೆಯ ಹಾರವೂ ಇಲ್ಲ. ಆ ವರ್ಷ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸೇತುಬಂಧ’, ‘ಸಂವೇದ’ ಪಾಠಗಳು ಪ್ರಸಾರವಾದವು. ಅವುಗಳನ್ನು ಸಿದ್ಧಪಡಿಸಿದ ಶಿಕ್ಷಕರಿಗೆ ನನ್ನ ಗೌರವ ಸಲ್ಲಬೇಕು, ಬೇರೆ ದಾರಿಯಿಲ್ಲದಾಗ ಅದೇ ದಾರಿ. ಆದರೆ ಅದೇ ವರ್ಷ ‘ವಿದ್ಯಾಗಮ’ ಎಂದು ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಕಲಿಸಿದರು. ನಮ್ಮ ಓಣಿಯ ಮಕ್ಕಳು ಟೀವಿಯ ಮುಂದೆ ತೂಕಡಿಸಿ, ಕಟ್ಟೆಯ ಪಾಠಕ್ಕೆ ಓಡಿ ಹೋದದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡಿದ್ದೇನೆ. ಅಲ್ಲಿ ಅವರ ಹೆಸರು ಹಿಡಿದು ಕರೆಯುವವರಿದ್ದರು, ತಪ್ಪು ಹೇಳಿದರೆ ಹುಬ್ಬೇರಿಸುವವರಿದ್ದರು. ಪರದೆ ಹುಬ್ಬೇರಿಸುವುದಿಲ್ಲ.

ಹಾಗಾದರೆ ವಿಡಿಯೋ ಬೇಡವೆ? ಖಂಡಿತ ಬೇಕು. ಕೈಗೆ ಸಿಗುವುದನ್ನು ಪರದೆಯಲ್ಲಿ ತೋರಿಸಬಾರದು, ಕೈಗೆ ಸಿಗದುದನ್ನು ತೋರಿಸಬೇಕು. ಚಂದ್ರನ ಮೇಲಿನ ಗರಿ, ಮಿಡಿಯುವ ಹೃದಯದ ಕವಾಟ, ಜ್ವಾಲಾಮುಖಿ, ಎಂಟು ದಿನಗಳ ಮೊಳಕೆ ಎಂಟು ಸೆಕೆಂಡುಗಳಲ್ಲಿ ತಲೆಯೆತ್ತುವ ಸೊಬಗು, ಇವುಗಳನ್ನು ನಾನು ಸೀಮೆಸುಣ್ಣದಿಂದ ಕೊಡಲಾರೆ. ತೋರಿಸುವುದಾದರೆ ಪ್ರಶ್ನೆ ಮೊದಲು, ಚಿತ್ರ ಆಮೇಲೆ. ಎರಡು ಮೂರು ನಿಮಿಷ ಸಾಕು. ದೊಡ್ಡವರೇ ಸ್ವಇಚ್ಛೆಯಿಂದ ಸೇರುವ ಅಂತರಜಾಲ ಕೋರ್ಸುಗಳಲ್ಲಿ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿಡಿಯೋ ಎಷ್ಟೇ ಉದ್ದವಿರಲಿ, ಸಾಮಾನ್ಯ ವೀಕ್ಷಕರು ಆರು ನಿಮಿಷದಾಚೆಗೆ ಅದರೊಡನೆ ಉಳಿಯುವುದಿಲ್ಲವೆಂದು ಕಂಡುಬಂದಿದೆ. ನಲವತ್ತು ನಿಮಿಷ ಮಕ್ಕಳು ನೋಡುತ್ತಾರೆಂದು ನಂಬುವವರು ಅವರ ಬೆನ್ನನ್ನು ಮಾತ್ರ ನೋಡಿದವರು. ಇನ್ನೊಂದು, ಧ್ವನಿಯನ್ನು ತೆಗೆದುಬಿಡಿ. ಚಿತ್ರ ಓಡುತ್ತಿರಲಿ, ಅದಕ್ಕೆ ಮಾತನ್ನು ಮಕ್ಕಳೇ ಕೊಡಲಿ, ತಮ್ಮ ಮನೆಯ ಕನ್ನಡದಲ್ಲಿಯೇ ಕೊಡಲಿ. ಯಾರಿಗೆ ತಿಳಿದಿದೆ, ಯಾರಿಗೆ ತಿಳಿದಿಲ್ಲ ಎಂಬುದು ಐದು ನಿಮಿಷದಲ್ಲಿ ಬಯಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಲ್ಲಿಸುವ ಗುಂಡಿಯ ಮೇಲೆ ಮಾಸ್ತರರ ಬೆರಳಿರಬೇಕು. ಪ್ರಾರಂಭಿಸುವ ಗುಂಡಿಯನ್ನು ಯಾರು ಬೇಕಾದರೂ ಒತ್ತಬಹುದು. ಎಲ್ಲಿ ನಿಲ್ಲಿಸಬೇಕೆಂದು ತಿಳಿದವನೇ ಶಿಕ್ಷಕ.

ಆದ್ದರಿಂದ ನನ್ನ ಸಲಹೆ ಇಷ್ಟು. ಮೂರು ಗೋಡೆಗಳಿಗೆ ಮೂರು ಪರದೆ ಬೇಡ. ಒಂದು ಪ್ರೊಜೆಕ್ಟರ್ ಕೊಡಿ, ಬೇಕಾದ ತರಗತಿಗೆ ಹೊತ್ತೊಯ್ಯುವಂತಹದು. ವಿದ್ಯುತ್ ಹೋದರೆ ನಡೆಯುವಂತೆ ಒಂದು ಇನ್ವರ್ಟರ್ ಇರಲಿ, ಮುಂದಿನ ಐದು ವರ್ಷದ ದುರಸ್ತಿಗೆ ಸ್ವಲ್ಪ ಹಣ ಬ್ಯಾಂಕಿನಲ್ಲಿಡಿ. ಉಳಿದ ಹಣದಲ್ಲಿ ಪ್ರಯೋಗಾಲಯವನ್ನು ಎಬ್ಬಿಸಿ. ಪ್ರನಾಳಗಳು, ಮಸೂರಗಳು, ಸ್ಪ್ರಿಂಗ್ ತಕ್ಕಡಿಗಳು, ಎರಡು ಒಳ್ಳೆಯ ಸೂಕ್ಷ್ಮದರ್ಶಕಗಳು, ಲಿಟ್ಮಸ್ ಕಾಗದ, ಒಡೆದರೆ ಯಾರೂ ಬೈಯದಷ್ಟು ಬೀಕರುಗಳು. ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ನರ್ಸ್ ಇದ್ದಾಳೆ, ಮೋಟಾರು ರಿವೈಂಡಿಂಗ್ ಮಾಡುವವನಿದ್ದಾನೆ. ತಿಂಗಳಿಗೊಬ್ಬರು ಹೋಗಿ ಒಂದು ಗಂಟೆ ಮಕ್ಕಳೊಡನೆ ಕುಳಿತರೆ ಅದಕ್ಕೆ ಸಮನಾದ ವಿಡಿಯೋ ಲೋಕದಲ್ಲಿಲ್ಲ. ಪರದೆಯ ಮೇಲೆ ದಾನಿಗಳ ಹೆಸರು ಹೊಳೆಯುತ್ತದೆ, ಬೀಕರಿನ ಮೇಲೆ ಹೊಳೆಯುವುದಿಲ್ಲ, ಬಲ್ಲೆ. ನಿಮ್ಮನ್ನು ಅಂಥವರೆಂದು ನಾನು ತಿಳಿದಿಲ್ಲ.

ನನ್ನ ಮಾತು ಒಪ್ಪದಿದ್ದರೆ ನೇರವಾಗಿ ಬರೆಯಿರಿ. ತರಗತಿಯಲ್ಲಿ ನನ್ನ ತಪ್ಪನ್ನು ಎದ್ದುನಿಂತು ತೋರಿಸಿದವರನ್ನು ನಾನು ಎಂದೂ ಕೂರಿಸಿದವನಲ್ಲ. ಒಪ್ಪಿದರೆ ಬೀರುವಿನ ಕಳೆದುಹೋದ ಬೀಗದ ಕೈಯನ್ನು ಹುಡುಕಿಸಿ, ಸಿಗದಿದ್ದರೆ ಬೀಗ ಒಡೆಸಿ. ರಿಬ್ಬನ್ ಕತ್ತರಿಸಲು ನಾನು ಬರಲಾರೆನೆಂದು ಮೊದಲೇ ಹೇಳಿದೆ. ಮೆಗ್ನೀಸಿಯಂ ರಿಬ್ಬನ್ ಉರಿಸಲು ಕರೆಯಿರಿ, ಮೊದಲ ಬಸ್ಸಿಗೆ ಬರುತ್ತೇನೆ. ಮರಳುಕಾಗದ ನಾನೇ ತರುತ್ತೇನೆ.

ಇಂತು ನಿಮ್ಮ,
ವಿಜ್ಞಾನದ ಮಾಸ್ತರ